ವಾಪಸ್ ಕೊಡದೆ ಉಳಿದ ಡಬ್ಬಿ

ಈ ಮನೆಯಲ್ಲಿ ಏನನ್ನು ಎಲ್ಲಿಟ್ಟರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡಕ, ಕತ್ತರಿ, ಬಿ.ಪಿ. ಗುಳಿಗೆ, ಗಾಡಿಯ ಕೀಲಿ ಎಲ್ಲವೂ ಮೂಗಿನ ಮುಂದೆಯೇ ಇರುತ್ತವೆ. ನಮ್ಮ ಯಜಮಾನರು "ಎಲ್ಲದ, ಎಲ್ಲದ" ಎನ್ನುತ್ತ ಮನೆಯೆಲ್ಲ ಸುತ್ತುತ್ತಾರೆ. ಆದರೆ ಅಡುಗೆಮನೆಯ ಮೇಲಿನ ಹಲಗೆಯ ಮೂಲೆಯಲ್ಲಿ, ಜೋಳದ ಹಿಟ್ಟಿನ ಡಬ್ಬದ ಹಿಂದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನಾನು ಮುಚ್ಚಿಟ್ಟ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಮಾತ್ರ ಅವರಿಗೆ ವಾರಕ್ಕೊಮ್ಮೆ ತಪ್ಪದೆ ಕಾಣುತ್ತದೆ. ಕಂಡ ಮೇಲೆ ಕೇಳದೆ ಬಿಡುವವರಲ್ಲ: ಇದು ಯಾರದು, ಇನ್ನೂ ಕೊಟ್ಟಿಲ್ಲವೇ, ಯಾವಾಗ ಕೊಡುತ್ತೀ.

ಎರಡು ವರ್ಷಗಳಲ್ಲಿ ಲೋಕ ಬಾಗಿಲು ಹಾಕಿತು, ತೆರೆಯಿತು, ಮತ್ತೆ ಹಾಕಿತು, ಮತ್ತೆ ತೆರೆಯಿತು. ಈ ಮೂರು ಪ್ರಶ್ನೆಗಳು ಒಂದು ದಿನವೂ ಬಂದ್ ಆಗಲಿಲ್ಲ. ಕೊನೆಗೆ ನನಗೂ ರೇಗಿ, ನಾಳೆಯೇ ಕೊಟ್ಟು ಬರುತ್ತೇನೆ, ಬಾಯಿ ಮುಚ್ಚಿಕೊಂಡಿರಿ ಎಂದೆ. ಆ ನಾಳೆ ಬರಲು ಮತ್ತೆ ಮೂರು ವಾರ ಹಿಡಿಯಿತು. ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ನೀವು ಒಪ್ಪದಿದ್ದರೆ ಅದು ನಿಮ್ಮ ಇಷ್ಟ.

ಡಬ್ಬಿ ಶಾಹೀನಳ ಅಮ್ಮಿಯದು. ಶಾಹೀನ ನನ್ನ ಬಸ್ಸಿನ ಗೆಳತಿ. ನಾನು ಹುಮನಾಬಾದದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆಗ ಮನೆ ಬಸವಕಲ್ಯಾಣದಲ್ಲಿತ್ತು. ಹನ್ನೊಂದು ವರ್ಷ ಬೆಳಿಗ್ಗೆ ಎಂಟೂ ಹತ್ತರ ಬಸ್ಸು, ಸಂಜೆ ಐದೂವರೆಯ ಬಸ್ಸು. ನಮ್ಮ ಕಡೆ ಇದಕ್ಕೆ ಅಪ್-ಡೌನ್ ಮಾಡುವುದು ಎನ್ನುತ್ತಾರೆ. "ಏನ್ ಮಾಡ್ತಾರ ನಿಮ್ಮ ಮನಿಯವ್ರು?" ಎಂದು ಯಾರಾದರೂ ಕೇಳಿದರೆ ನಮ್ಮ ಯಜಮಾನರು "ಅಪ್-ಡೌನ್ ಮಾಡ್ತಾರ" ಎಂದು ಉತ್ತರ ಕೊಡುತ್ತಿದ್ದರು, ನಡುವೆ ಎಂಟು ತಾಸು ನಾನು ಪಾಠವನ್ನೂ ಹೇಳುತ್ತಿದ್ದೆ ಎಂಬುದು ಅವರ ಲೆಕ್ಕಕ್ಕೇ ಇರಲಿಲ್ಲ. ಶಾಹೀನ ಹುಮನಾಬಾದದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನನ್ನ ಪಕ್ಕದ ಸೀಟು ಅವಳದು. ಹಿಂದಿನ ಸೀಟು ಕಮಲಾಬಾಯಿಯದು. ಒಂದು ಕಚೇರಿಯಲ್ಲಿ ಪ್ಯೂನ್ ಆಗಿದ್ದು ಈಗ ನಿವೃತ್ತಿಯಾಗಿರುವ ಹಿರಿಯ ಹೆಂಗಸು, ನಮ್ಮೆಲ್ಲರ ಹೆಸರು ಹಿಡಿದು ಏಕವಚನದಲ್ಲಿ ಕರೆಯುವ ಅಧಿಕಾರ ಅವರೊಬ್ಬರಿಗೇ ಇತ್ತು. ನಾಲ್ಕನೆಯವಳು ಹೊಲಿಗೆ ಕಲಿಸುವ ಮಹಾನಂದಾ, ಅರ್ಧ ದಾರಿಯಲ್ಲಿ, ರಾಜೇಶ್ವರದಲ್ಲಿ ಹತ್ತುತ್ತಿದ್ದಳು.

ಅರ್ಧ ದಾರಿಯಲ್ಲಿ ಹತ್ತುವ ಗೆಳತಿ ಎಂದರೆ ಎಂಥ ತಾಪತ್ರಯ ಎಂದು ಅನುಭವಿಸಿದವರಿಗೇ ಗೊತ್ತು. ಬಸವಕಲ್ಯಾಣದಿಂದ ರಾಜೇಶ್ವರದವರೆಗೆ ಅವಳ ಸೀಟು ಹಿಡಿದುಕೊಂಡು ಬರುವುದು ನನ್ನ ಪಾಲಿನ ಕೆಲಸ. ನನ್ನ ಚೀಲ ಅಲ್ಲಿಟ್ಟು, ಹತ್ತಿದವರಿಗೆಲ್ಲ "ಬರೋರದಾರ, ಬರೋರದಾರ" ಎಂದು ಹೇಳಿ ಹೇಳಿ, ದಿನಕ್ಕೆ ಇಬ್ಬರೊಂದಿಗಾದರೂ ಜಗಳಾಡಿ, ಒಮ್ಮೆ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ಅಜ್ಜನೊಂದಿಗೂ ಜಗಳಾಡಿ ಮಾನ ಕಳೆದುಕೊಂಡಿದ್ದೇನೆ. ಇಷ್ಟೆಲ್ಲ ಮಾಡಿ ಉಳಿಸಿದ ಸೀಟಿನಲ್ಲಿ ಕುಳಿತು ಮಹಾನಂದಾ ಹೇಳುತ್ತಿದ್ದ ಮೊದಲ ಮಾತು, ಈ ಕಡೆ ಬಿಸಿಲು ಬರುತ್ತದೆ, ಆ ಕಡೆ ಹಿಡಿಯಬಾರದಿತ್ತೇ ಎಂಬುದು.

ಆ ಒಂದು ತಾಸಿನಲ್ಲಿ ನಾವು ಮಾತನಾಡದ ವಿಷಯವಿರಲಿಲ್ಲ. ಮಹಾನಂದಾಳ ಅತ್ತೆಯ ಸಕ್ಕರೆ ಎಷ್ಟು ಏರಿದೆ, ಕಮಲಾಬಾಯಿಯ ಅಳಿಯ ಯಾರೊಂದಿಗೆ ಮಾತು ಬಿಟ್ಟಿದ್ದಾನೆ, ಶಾಹೀನಳನ್ನು ನೋಡಲು ಬಂದ ಗಂಡಿನ ಕಡೆಯವರು ಎಷ್ಟು ಸಮೋಸಾ ತಿಂದರು, ಎಲ್ಲ ನಮಗೆ ತಿಳಿದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಬ್ಬರೂ ಇನ್ನೊಬ್ಬರ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಶಾಹೀನಳ ಮನೆ ನಮ್ಮ ಮನೆಯಿಂದ ಹದಿನೈದು ನಿಮಿಷದ ನಡಿಗೆ. ರವಿವಾರ ಬಂದರೆ ಯಾರ ಮುಖವೂ ಬೇಡ, ಮಲಗಿದರೆ ಸಾಕು ಎನಿಸುತ್ತಿತ್ತು. ಇವತ್ತಲ್ಲ ನಾಳೆ ಹೋದರಾಯಿತು, ಹೇಗೂ ಸೋಮವಾರ ಬಸ್ಸಿನಲ್ಲಿ ಸಿಗುತ್ತಾಳಲ್ಲ ಎಂಬ ಧೈರ್ಯ. ಬಸ್ಸು ನಿಲ್ಲುತ್ತದೆ ಎಂದು ಯಾರು ಕಂಡಿದ್ದರು?

ಹೀಗೆ ನಾನು ಮುಖವನ್ನೇ ನೋಡದ ಅಮ್ಮಿಯ ಕೈಯ ಅಡುಗೆಯನ್ನು ವರ್ಷಗಟ್ಟಲೆ ತಿಂದೆ. ನಾವು ಮಾಂಸ ಮುಟ್ಟದವರು ಎಂದು ಅಮ್ಮಿ ನನಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟುಕೊಂಡಿದ್ದರು. ಡಬ್ಬಿಯ ಹಿಡಿಕೆಗೆ ಗುರುತಿಗೆ ಕೆಂಪು ದಾರ ಕಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಖಿಚಡಿ, ಅದರೊಂದಿಗೆ ಹುಣಸೆಹುಳಿ ಎಳ್ಳು ಹಾಕಿದ ಖಟ್ಟಾ, ಇಲ್ಲವೇ ಎಣ್ಣೆ ತೇಲುವ ಬದನೆಕಾಯಿ. ನನ್ನ ನಾಲಿಗೆಯೂ ಸುಮ್ಮನಿರುವುದಲ್ಲ. ಮೂವತ್ತು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿದ ಕೈ. ಸಂಜೆ ಫೋನ್ ಮಾಡಿ, ಉಪ್ಪು ಚೂರು ಕಮ್ಮಿ, ಖಟ್ಟಾಕ್ಕೆ ಹುಳಿ ಜಾಸ್ತಿ, ಅನ್ನ ಇನ್ನೊಂದು ಕುದಿ ಬೇಕಿತ್ತು ಎಂದು ಹೇಳದಿದ್ದರೆ ನನಗೆ ಉಂಡಂತೆಯೇ ಆಗುತ್ತಿರಲಿಲ್ಲ. ಶಾಹೀನ ಸ್ಪೀಕರ್ ಹಾಕುತ್ತಿದ್ದಳು. ಆ ಕಡೆಯಿಂದ ಅಮ್ಮಿಯ ನಗು ಕೇಳುತ್ತಿತ್ತು. ಹೊಗಳುವವರು ಮುಚ್ಚಳ ತೆಗೆದು ನೋಡಿ ಹೊಗಳುತ್ತಾರೆ, ತಪ್ಪು ತೆಗೆಯುವವರು ಪೂರಾ ತಿಂದಿರುತ್ತಾರೆ ಎಂಬುದು ಅಮ್ಮಿಯ ಮತ.

ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ನಿಮ್ಮಲ್ಲೂ ಇರಲಿಕ್ಕಿಲ್ಲ. ನಾನು ಹುಟ್ಟಿ ಬೆಳೆದದ್ದು ಕೊಡಂಬಲದಲ್ಲಿ. ಅಲ್ಲಿ ಪಕ್ಕದ ಮನೆಯ ಗಂಗವ್ವ ಒಮ್ಮೆ ಹಿತ್ತಾಳೆ ಬಟ್ಟಲಲ್ಲಿ ಹುಗ್ಗಿ ಕಳಿಸಿದರು. ಬಟ್ಟಲು ಖಾಲಿ ಕೊಡಬಾರದೆಂದು ಅವ್ವ ಅದರಲ್ಲಿ ಚಕ್ಕುಲಿ ಹಾಕಿ ಕಳಿಸಿದಳು. ಚಕ್ಕುಲಿ ತಿಂದು ಸುಮ್ಮನಿರುವುದು ಹೇಗೆಂದು ಗಂಗವ್ವ ಅದೇ ಬಟ್ಟಲಲ್ಲಿ ಶೇಂಗಾ ಚಟ್ನಿಪುಡಿ ಕಳಿಸಿದರು. ಹೀಗೆ ಶುರುವಾದದ್ದು ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯವರೆಗೆ ನಡೆಯಿತು. ಇಬ್ಬರಿಗೂ ಸಾಕಾಗಿತ್ತು, ನಿಲ್ಲಿಸುವ ದಾರಿ ಇಬ್ಬರಿಗೂ ಗೊತ್ತಿರಲಿಲ್ಲ. ಒಯ್ದು ತರುವ ಕೂಲಿ ನಾನು. ಒಂದು ದಿನ ಮನೆಯಲ್ಲಿ ಏನೂ ಇರದೆ ಅವ್ವ ಬಟ್ಟಲಲ್ಲಿ ಬೆಲ್ಲದ ಹೆಂಟೆ ಇಟ್ಟು ಕಳಿಸಿದಳು. ಎರಡು ಮನೆಯ ನಡುವೆ ಇಪ್ಪತ್ತು ಹೆಜ್ಜೆ. ಹತ್ತನೆಯ ಹೆಜ್ಜೆಗೆ ಬೆಲ್ಲ ನನ್ನ ಬಾಯಲ್ಲಿತ್ತು. ಗಂಗವ್ವ ಬಟ್ಟಲ ತಳ ನೋಡಿದರು, ನನ್ನ ಉಬ್ಬಿದ ಕೆನ್ನೆ ನೋಡಿದರು, ಖಾಲಿ ಬಟ್ಟಲು ತೆಗೆದುಕೊಂಡರೆ ಕೊಟ್ಟವರ ಮನೆಯ ಬರಕತ್ತು ಹೋಗುತ್ತದೆ ಎಂದು ಹಾಗೆಯೇ ವಾಪಸ್ ಕಳಿಸಿದರು. ಅವ್ವ ಕೊಟ್ಟ ಏಟಿನ ನೆನಪು ಈಗಲೂ ಇದೆ.

ಈ ಶಾಸ್ತ್ರ ಒಂದು. ಇನ್ನೊಂದು ಶಾಸ್ತ್ರ ಮಾತಾಡಿಸಿ ಬರುವುದು. ಸಾವಾದ ಮನೆಗೆ ಹೋಗಿ ಕುಳಿತು, ನಾಲ್ಕು ಮಾತಾಡಿ ಬರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅದಾಗದೆ ಆ ಮನೆಯವರೊಂದಿಗೆ ಬೇರೆ ಯಾವ ವ್ಯವಹಾರವೂ ಇಲ್ಲ. ನಮ್ಮ ಅತ್ತೆಯವರ ಪ್ರಕಾರ ಅದಕ್ಕೆ ಸೋಮವಾರ ಆಗದು, ಗುರುವಾರ ಆಗದು, ಅಮಾವಾಸ್ಯೆ ಆಗದು. ಬೇರೆ ಕೆಲಸಕ್ಕೆ ಹೋದಾಗ ದಾರಿಯ ಮೇಲೆ ಹೊಕ್ಕು ಬರುವುದಂತೂ ಆಗಲೇ ಆಗದು. ಸಿಹಿ ಒಯ್ಯಬಾರದು, ಅಲ್ಲಿ ಉಣ್ಣಬಾರದು. ಅಮ್ಮಿ ತೀರಿಕೊಂಡದ್ದು ಎರಡನೆಯ ಅಲೆಯಲ್ಲಿ. ಈಗ ನೀವೇ ಹೇಳಿ: ಡಬ್ಬಿ ಖಾಲಿ ಒಯ್ಯುವಂತಿಲ್ಲ, ಸಿಹಿ ತುಂಬಿ ಒಯ್ಯುವಂತಿಲ್ಲ, ಮಾತಾಡಿಸಲು ಹೋದಾಗ ಡಬ್ಬಿ ಕೊಡುವ ಕೆಲಸ ಸೇರಿಸುವಂತಿಲ್ಲ, ಮಾತಾಡಿಸದೆ ಡಬ್ಬಿ ಕೊಡುವಂತಿಲ್ಲ. ಹಾಗಾಗಿ ಅದು ಹಲಗೆಯ ಮೇಲೆ ಉಳಿಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೊತ್ತು, ನೀವು ಅಷ್ಟು ದಡ್ಡರಲ್ಲ. ಅಮ್ಮಿ ತೀರಿಕೊಳ್ಳುವುದಕ್ಕೆ ಮೊದಲು ಒಂದು ವರ್ಷವಿತ್ತಲ್ಲ, ಆಗ ಏನಾಗಿತ್ತು ಎಂದು ಕೇಳುತ್ತೀರಿ. ಅದನ್ನೂ ಹೇಳುತ್ತೇನೆ.

ಮೊದಲ ಸಲ ಎಲ್ಲ ಬಂದ್ ಆದ ದಿನಗಳು. ನಮ್ಮ ಮನೆಯಲ್ಲಿ ಗ್ಯಾಸ್ ಮುಗಿದು ಹೊಸ ಸಿಲಿಂಡರ್ ಬಂದಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದೇನೆ, ಹೊಗೆಗೆ ಕಣ್ಣು ಹೋಗುತ್ತಿವೆ ಎಂದು ಫೋನಿನಲ್ಲಿ ಶಾಹೀನಳ ಮುಂದೆ ಗೊಣಗಿದೆ. ಗೊಣಗುವುದು ನನ್ನ ಅಭ್ಯಾಸ, ಅದರಿಂದ ಏನೂ ಆಗಬೇಕೆಂದಿರಲಿಲ್ಲ. ಮರುದಿನ ಬೆಳಿಗ್ಗೆ ಸಂತೆ ಸಾಮಾನಿಗೆಂದು ಬಿಡುತ್ತಿದ್ದ ಎರಡು ತಾಸಿನಲ್ಲಿ ಅವಳ ಅಣ್ಣ ಬಂದು, ನಮ್ಮ ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಮೂಗಿಗೆ ಕಟ್ಟಿದ ಕರವಸ್ತ್ರದೊಳಗಿಂದಲೇ "ಅಮ್ಮಿ ಕೊಟ್ಟಾಳ್ರಿ" ಎಂದು ಹೇಳಿ ಹೋದ. ಬಿಸಿ ಬಿಸಿ ಖಿಚಡಿ, ಖಟ್ಟಾ. ಕೆಂಪು ದಾರ.

ಆ ದಿನಗಳಲ್ಲಿ ಫೋನುಗಳಲ್ಲಿ ಏನೇನು ಹರಿದಾಡುತ್ತಿತ್ತೆಂದು ನಿಮಗೂ ನೆನಪಿರಬೇಕು. ಯಾರ ಅಂಗಡಿಗೆ ಹೋಗಬೇಡಿ, ಯಾರ ಕೈಯಿಂದ ಏನು ತೆಗೆದುಕೊಳ್ಳಬೇಡಿ ಎಂದು ಬೆಳಗಾದರೆ ಹತ್ತು ವಿಡಿಯೋ. ಅತ್ತೆ ಬಾಗಿಲಲ್ಲಿ ನಿಂತು, ಆ ಮನೆಯ ಅನ್ನ ಈಗ ಬೇಡ ಎಂದರು. ನಾನು ಸಿಟ್ಟಿನಿಂದ, ಹನ್ನೊಂದು ವರ್ಷ ತಿಂದದ್ದು ಯಾರ ಮನೆಯ ಅನ್ನ, ಆಗ ಏನಾಗಿತ್ತು ನಿಮಗೆ ಎಂದು ಜಗಳ ತೆಗೆದೆ. ಜಗಳ ಗೆದ್ದೆ. ಗೆದ್ದ ಮೇಲೆ ಡಬ್ಬಿ ಮಾತ್ರ ಒಳಗೆ ತರಲಿಲ್ಲ. ಶಾಹೀನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ದಿನಾ ಅದೇ ರಕ್ತ, ಅದೇ ಕಫ. ಸ್ವಲ್ಪ ಹೊತ್ತು ಬಿಸಿಲಲ್ಲಿರಲಿ ಎಂದುಕೊಂಡೆ. ಇದು ನಾನು ನನಗೆ ಹೇಳಿಕೊಂಡ ಕಾರಣ. ಅತ್ತೆ ಹೇಳಿದ ಕಾರಣಕ್ಕಿಂತ ಇದು ಕಲಿತವರ ಕಾರಣ, ಅಷ್ಟೇ ವ್ಯತ್ಯಾಸ. ಮಧ್ಯಾಹ್ನ, ಸಂಜೆ ತಿಂದರಾಯಿತು ಎಂದುಕೊಂಡೆ. ಸಂಜೆ, ನಾಳೆ ಬಿಸಿ ಮಾಡಿ ತಿಂದರಾಯಿತು ಎಂದುಕೊಂಡೆ. ಮರುದಿನ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಯಾರೂ ನೋಡದಂತೆ ನುಗ್ಗೆ ಗಿಡದ ಬುಡಕ್ಕೆ ಸುರಿದು ಮಣ್ಣು ಎಳೆದೆ. ಡಬ್ಬಿಯನ್ನು ಮೂರು ಸಲ ತೊಳೆದೆ. ಅವತ್ತು ಸಂಜೆ ಫೋನ್ ಮಾಡಲಿಲ್ಲ.

ಆಮೇಲೆ ಆ ಡಬ್ಬಿಗೆ ಹೋಳಿಗೆ ತುಂಬಿ ಕಳಿಸಬೇಕೆಂದು ಎಷ್ಟು ಸಲ ಹೂರಣ ರುಬ್ಬಿದ್ದೇನೆ. ತುಂಬುವ ಹೊತ್ತಿಗೆ ಕೈ ಬರುತ್ತಿರಲಿಲ್ಲ. ಡಬ್ಬಿ ಕೊಟ್ಟರೆ ಹೇಗಿತ್ತು ಎಂದು ಕೇಳುತ್ತಾರಲ್ಲ. ಅಷ್ಟರಲ್ಲಿ ನಾವು ಮನೆ ಬದಲಿಸಿ ಹುಮನಾಬಾದಕ್ಕೆ ಬಂದೆವು, ಡಬ್ಬಿಯೂ ಸಾಮಾನಿನೊಂದಿಗೆ ಬಂತು. ಮರುವರ್ಷ ಅಮ್ಮಿ ಹೋದರು. ನನಗೆ ತಿಳಿದದ್ದು ತಿಂಗಳಾದ ಮೇಲೆ, ಅದೂ ಕಮಲಾಬಾಯಿಯಿಂದ. ಶಾಹೀನಳಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಅರ್ಧ ತಾಸು ಕುಳಿತು ಯೋಚಿಸಿದ್ದೆ. ಅವಳು ಎತ್ತಿ "ಹಾಂ ಅಕ್ಕೋರೆ" ಎಂದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ಅವಳು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಆ ದನಿ ಕೇಳಿದ ಕೂಡಲೇ ನನ್ನ ತಲೆಯಲ್ಲಿದ್ದದ್ದೆಲ್ಲ ಹೋಯಿತು.

"ನಿಮ್ಮ ಡಬ್ಬಿ ನಮ್ಮ ಬಲ್ಲಿ ಅದ" ಎಂದೆ.

ತಾಯಿ ಸತ್ತವಳಿಗೆ ನಾನು ಹೇಳಿದ ಮಾತು ಇದು. ಅವಳು "ಇರ್ಲಿ ಬಿಡ್ರಿ" ಎಂದು ಫೋನ್ ಇಟ್ಟಳು. ಅಂದಿನಿಂದ ಅವಳ ಫೋನಿಲ್ಲ, ನನಗೆ ಮಾಡುವ ಮುಖವಿಲ್ಲ. ಅವಳನ್ನು ಕಳೆದುಕೊಂಡೆ ಎಂದು ಅಂದೇ ಗೊತ್ತಾಯಿತು, ಗೊತ್ತಾದದ್ದನ್ನು ಒಪ್ಪಿಕೊಳ್ಳಲು ಆಗಲಿಲ್ಲ. ಶಾಸ್ತ್ರಗಳ ಹಿಂದೆ ಅಡಗಿದ್ದು ಇದಕ್ಕೆ.

ಇನ್ನು ಗುಂಪಿನ ಕಥೆ. ನಿರ್ಬಂಧ ಸಡಿಲಾಗಿ, ಶಾಲೆ ತೆರೆದು, ಬಸ್ಸಿನಲ್ಲಿ ಸೀಟು ಬಿಟ್ಟು ಸೀಟು ಕೂಡುವ ನಾಟಕ ಮುಗಿದ ಮೇಲೆ ಮಹಾನಂದಾ ವಾಟ್ಸಾಪಿನಲ್ಲಿ "ಎಂಟೂ ಹತ್ತರ ಗಾಡಿ" ಎಂದು ಗುಂಪು ಮಾಡಿದಳು. ನಾಲ್ವರೂ ಮತ್ತೆ ಕೂಡೋಣ ಎಂಬುದು ಉದ್ದೇಶ. ನಾಲ್ಕು ಜನ ಹೆಂಗಸರು ಒಂದು ದಿನ ಗೊತ್ತು ಮಾಡಲು ಎಷ್ಟು ಹೊತ್ತು ಬೇಕು? ನಮಗೆ ಐದು ತಿಂಗಳು ಬೇಕಾಯಿತು. ಕಮಲಾಬಾಯಿ ದಿನಾ ನಸುಕಿನಲ್ಲಿ ಬುದ್ಧನ ಚಿತ್ರದ ಕೆಳಗೆ ಗುಲಾಬಿ ಹೂ ಇಟ್ಟು ಜೈ ಭೀಮ್, ಶುಭೋದಯ ಎಂದು ಕಳಿಸುತ್ತಿದ್ದರು. ಎಂದು ಬರುತ್ತೀರಿ ಎಂದು ಕೇಳಿದರೆ ಇನ್ನೊಂದು ಗುಲಾಬಿ ಬರುತ್ತಿತ್ತು. ಮಹಾನಂದಾ, ಎಲ್ಲರಿಗೂ ನಡುವೆ ಆಗುತ್ತದೆ, ರಾಜೇಶ್ವರದಲ್ಲೇ ಕೂಡೋಣ ಎಂದಳು. ತಾನು ಮನೆ ಬಿಟ್ಟು ಕದಲದೆ ಗೆಳತಿಯರನ್ನು ಕೂಡುವ ಉಪಾಯ ಅದು. ನಾನು ಒಂದು ರವಿವಾರ ಹೇಳಿದರೆ ಕಮಲಾಬಾಯಿಗೆ ವಿಹಾರದಲ್ಲಿ ಕಾರ್ಯಕ್ರಮ, ಇನ್ನೊಂದು ಹೇಳಿದರೆ ಮಹಾನಂದಾಳಿಗೆ ಬ್ಲೌಸುಗಳ ಅರ್ಜೆಂಟು. ಎಲ್ಲ ಕೂಡಿ ಬಂತು ಎನ್ನುವಾಗ ಮೂರನೆಯ ಅಲೆ ಎಂದು ಶನಿವಾರ ರವಿವಾರ ಮತ್ತೆ ಬಂದ್. ಅದು ಹೋದ ಮೇಲೆ ಮತ್ತೆ ಮೊದಲಿನಿಂದ ಶುರು. ತಲೆ ಚಿಟ್ಟು ಹಿಡಿದು ಹೋಯಿತು.

ಶಾಹೀನ ಗುಂಪಿನಲ್ಲಿದ್ದಳು. ಎಲ್ಲ ಓದುತ್ತಿದ್ದಳು, ಎರಡು ನೀಲಿ ಗೆರೆ ಬೀಳುತ್ತಿದ್ದವು. ಐದು ತಿಂಗಳಲ್ಲಿ ಒಂದು ಅಕ್ಷರ ಬರೆಯಲಿಲ್ಲ. ನಾನು ಏನಾದರೂ ಹಾಕಿದಾಗಲೆಲ್ಲ ಆ ಗೆರೆಗಳನ್ನು ನೋಡುತ್ತ ಕೂಡುತ್ತಿದ್ದೆ. ಅವಳು ಬರದಿದ್ದರೆ ಈ ಕೂಟ ನನಗೆ ಯಾತಕ್ಕೂ ಬೇಡ ಎಂಬುದು ಉಳಿದಿಬ್ಬರಿಗೆ ಹೇಗೆ ಹೇಳಲಿ?

ಕೊನೆಗೆ ಒಂದು ದಿನ ಯಜಮಾನರು ನಾಲ್ಕನೆಯ ಪ್ರಶ್ನೆ ಕೇಳಿದರು: ಇದನ್ನು ಗುಜರಿಗೆ ಹಾಕಲೇ? ಅವರ ಮೇಲಿನ ಸಿಟ್ಟು, ಗುಂಪಿನ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು ಎಲ್ಲ ಕೂಡಿ ಅಲ್ಲೇ ನಿಂತು ಬರೆದೆ. ಬರುವ ರವಿವಾರ ಬೆಳಿಗ್ಗೆ ನಾನು ಹುಮನಾಬಾದದಿಂದ ಬಸ್ ಹತ್ತುತ್ತೇನೆ, ಮೊದಲು ಶಾಹೀನಳ ಅಮ್ಮಿಗಾಗಿ ಮಾತಾಡಿಸಿ ಬರಬೇಕು, ಆಮೇಲೆ ನಿಮ್ಮ ಕೂಟ. ಬರುವವರು ಬರ್ರಿ, ಬರದವರು ಗುಲಾಬಿ ಕಳಿಸ್ರಿ. ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ.

ರವಿವಾರ ಬಸ್ಸಿನಲ್ಲಿ ಕುಳಿತು ರೂಢಿಯಂತೆ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟೆ. ರಾಜೇಶ್ವರ ಬರುವವರೆಗೆ ಮೂವರೊಂದಿಗೆ ಜಗಳವಾಯಿತು. ಮಹಾನಂದಾ ಹತ್ತಿದಳು. ಎರಡು ವರ್ಷದ ಮೇಲೆ ನೋಡುತ್ತಿದ್ದೇನೆ, ತಲೆಯಲ್ಲಿ ಅರ್ಧ ಬಿಳಿ, ಮುಖ ಸಣ್ಣಗಾಗಿದೆ. ಅವಳ ಕೈ ಹಿಡಿದುಕೊಳ್ಳಲು ಕೈ ಚಾಚಿದೆ. ಅವಳು ಕುಳಿತು, ಈ ಕಡೆ ಬಿಸಿಲು ಎಂದಳು. ಚಾಚಿದ ಕೈ ಹಿಂದೆ ತೆಗೆದುಕೊಂಡೆ.

ಆಮೇಲೆ ಅವಳ ಚೀಲದಿಂದ ಶೇಂಗಾ ಹೋಳಿಗೆಯ ವಾಸನೆ ಬಂತು. ಮಾತಾಡಿಸಲು ಹೋಗುವ ಮನೆಗೆ ಹೋಳಿಗೆ ತರುತ್ತಾರೇನು, ಅಷ್ಟೂ ತಿಳಿಯುವುದಿಲ್ಲವೇ ಎಂದು ನಾನು ರೇಗಿದೆ. ಅವಳು ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿದಳು.

"ನಾ ಹೋಗಿ ಮಾತಾಡ್ಸಿ ಬಂದು ವರ್ಷ ಆತಲ್ಲ ಅಕ್ಕೋರೆ. ಕಮಲಾಬಾಯಿನೂ ಹೋಗ್ಯಾರ. ನೀವಾ ಎಲ್ಲಾರಕಿಂತ ಮೊದಲ ಹೋಗಿರ್ತೀರಿ ಅಂತ ತಿಳ್ದಿದ್ದೆ ನಾ. ನೀವ್ ಹೋಗಿಲ್ಲೇನು?"

ಬಂಗ್ಲಾ ಕ್ರಾಸ್ ದಾಟಿ ಬಸ್ಸು ಊರಿನ ದಾರಿಗೆ ಹೊರಳುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ. ಹತ್ತಿರದವಳು ಎಂದು ಎಲ್ಲರೂ ತಿಳಿದಿದ್ದ ನಾನೊಬ್ಬಳೇ ಹೋಗಿರಲಿಲ್ಲ. ಸೋಮವಾರ ಆಗದು ಗುರುವಾರ ಆಗದು ಎಂದು ಎಣಿಸುತ್ತಿದ್ದಾಗ ಇವರಿಬ್ಬರೂ ಯಾವುದೋ ಒಂದು ವಾರ ಎದ್ದು ಹೋಗಿ ಬಂದಿದ್ದರು.

ಬಸವಕಲ್ಯಾಣ ಸ್ಟ್ಯಾಂಡಿನಲ್ಲಿ ಕಮಲಾಬಾಯಿ ಕಾಯುತ್ತಿದ್ದರು. ನನ್ನ ಕೈಯ ಡಬ್ಬಿ ನೋಡಿ ಎತ್ತಿ ಅಲುಗಾಡಿಸಿದರು, ಖಾಲಿ ಎಂದು ತಿಳಿಯಿತು. ನಾನು ನನ್ನ ಶಾಸ್ತ್ರ ಶುರು ಮಾಡಿದೆ: ಖಾಲಿ ಒಯ್ಯಬಾರದು, ಸಿಹಿ ಒಯ್ಯಬಾರದು. ಅವರು ಪೂರಾ ಕೇಳಲೂ ಇಲ್ಲ. ಎದುರಿನ ಕಿರಾಣಿ ಅಂಗಡಿಗೆ ಹೋಗಿ ಒಂದು ಅಂತಸ್ತಿಗೆ ಅಕ್ಕಿ, ಇನ್ನೊಂದಕ್ಕೆ ಬೇಳೆ ಹಾಕಿಸಿ ತಂದು ನನ್ನ ಕೈಗಿಟ್ಟರು. "ಎರಡ್ ವರ್ಷ ಇದಕ್ಕ ಕುಂತಿದ್ದೇನ್ ಸುವರ್ಣಾ?" ಎಂದರು. ಕಿರಾಣಿ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಸಮಸ್ಯೆಯದು. ನನಗೆ ನಾಚಿಕೆಯಾಗುವ ಬದಲು ಅವರ ಮೇಲೆ ಸಿಟ್ಟು ಬಂತು, ಮೊದಲೇ ಯಾಕೆ ಹೇಳಲಿಲ್ಲ ಎಂದು.

ಶಾಹೀನ ಮನೆಯಲ್ಲಿದ್ದಳು. ಬಾಗಿಲು ತೆರೆದು ಮೂವರಿಗೂ ಬರ್ರಿ ಎಂದಳು, ನನ್ನ ಮುಖವನ್ನು ಬೇರೆಯಾಗಿ ನೋಡಲಿಲ್ಲ. ಹೊರಗಿನ ಕೋಣೆಯಲ್ಲಿ ಕುಳಿತೆವು. ಅಮ್ಮಿಯ ಫೋಟೋ ಇರಬಹುದು, ಆ ಮುಖವನ್ನು ಇವತ್ತಾದರೂ ನೋಡುತ್ತೇನೆ ಎಂದುಕೊಂಡಿದ್ದೆ. ಗೋಡೆಯ ಮೇಲೆ ಯಾರ ಫೋಟೋವೂ ಇರಲಿಲ್ಲ. ಸುಣ್ಣ ಹಚ್ಚಿದ ಗೋಡೆ, ಒಂದು ಗಡಿಯಾರ. ಮಹಾನಂದಾ ಅವಳ ಕೆಲಸದ ಬಗ್ಗೆ ಕೇಳಿದಳು. ಈಗ ಸ್ಕೂಟಿ ಕೊಂಡಿದ್ದಾಳಂತೆ, ಬಸ್ ಹತ್ತುವುದಿಲ್ಲವಂತೆ. ನಾನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಶಾಹೀನ ಎದ್ದು, ಚಹಾ ಇಡುತ್ತೇನೆ ಎಂದು ಒಳಗೆ ಹೋಗುವಾಗ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಮಲಾಬಾಯಿ ಮೊಣಕೈಯಿಂದ ತಿವಿದರು. ನಾನು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

ಅವಳು ಡಬ್ಬಿಯನ್ನು ಪಾತ್ರೆಗಳ ಸಾಲಿನಲ್ಲಿಟ್ಟಳು. ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟು, ನನ್ನ ಕಡೆ ಬೆನ್ನು ಮಾಡಿಯೇ ಮಾತು ತೆಗೆದಳು.

"ಒಂದ್ ಮಾತ್ ಕೇಳ್ತೀನ್ರಿ. ಅಮ್ಮಿ ಬಾಳ ದಿನ ಕೇಳ್ತಿದ್ದಳು, ನನ್ನ ಬಲ್ಲಿ ಜವಾಬ್ ಇರ್ಲಿಲ್ಲ. ಆ ಖಿಚಡಿ ಹ್ಯಾಂಗಾಗಿತ್ತು?"

ಬಹಳ ಛಲೋ ಆಗಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷದಿಂದ ತಯಾರಾಗಿದ್ದ ಮಾತು. ಸತ್ತವರ ಹೆಸರಿನಲ್ಲಿ ಒಂದು ಒಳ್ಳೆಯ ಮಾತು ಹೇಳಿದರೆ ಯಾರಿಗೆ ಏನು ನಷ್ಟ? ಅವಳಿಗೆ ಸಮಾಧಾನ, ನನಗೂ ಬಿಡುಗಡೆ, ಬರುವ ತಿಂಗಳಿನಿಂದ ಮತ್ತೆ ಮೊದಲಿನಂತೆ ಫೋನು. ಹೇಳಲೆಂದು ಬಾಯಿ ತೆರೆದೆ.

"ನಾ ತಿನ್ನಲಿಲ್ಲ ಶಾಹೀನ. ಅಂಜಿಕಿ ಬಂತು. ಆಮ್ಯಾಲ ತಿಂತೀನಿ, ಆಮ್ಯಾಲ ತಿಂತೀನಿ ಅಂತ ಇಟ್ಟು ಹಳಸ್ತು. ಗಿಡದ ಬುಡಕ ಹಾಕ್ದೆ."

ಅವಳು ಚಹಾಪುಡಿ ಹಾಕಿದಳು. ಸಕ್ಕರೆ ಹಾಕಿದಳು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ.

"ಗೊತ್ತಿತ್ತು," ಎಂದಳು. "ತಿಂದಿದ್ರ ಅವತ್ತಾ ಫೋನ್ ಮಾಡಿ ಉಪ್ಪು ಕಮ್ಮಿ ಅಂತಿದ್ರಿ. ಅಮ್ಮಿ ಎರಡ್ ದಿನ ಫೋನ್ ಬಾಜೂಕ ಇಟ್ಕೊಂಡು ಕುಂತಿದ್ದಳು. ಬ್ಯಾಟರಿ ಚಾರ್ಜ್ ಅದ ಇಲ್ಲ ನೋಡು, ಚಾರ್ಜ್ ಅದ ಇಲ್ಲ ನೋಡು ಅಂತ ನನಗ ಹೇಳ್ತಿದ್ದಳು."

ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಮುಂದೆ ಅಳುವ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು, ಆದರೂ ತಡೆಯಲಿಲ್ಲ. ಚಹಾ ಉಕ್ಕಿ ಬಂತು. ಶಾಹೀನ ಒಲೆ ಆರಿಸಿದಳು, ಕಪ್ಪುಗಳಿಗೆ ಕೈ ಚಾಚಿ ಹಾಗೆಯೇ ನಿಂತಳು.

"ಇವತ್ತು ನೀವ್ ಸುಳ್ಳ ಹೇಳಿದ್ರ ಚಹಾ ಕುಡಿಸಿ ಕಳಿಸ್ಬೇಕಂತ ಮಾಡಿದ್ದೆ," ಎಂದಳು. "ಮತ್ತ ಫೋನ್ ಎತ್ತಬಾರದಂತನೂ ಮಾಡಿದ್ದೆ."

"ಈಗ?" ಎಂದೆ.

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು, ಹುಬ್ಬು ಗಂಟಿಕ್ಕಿತ್ತು.

"ಈಗ ಬೈಯೋದು ಬಾಳ ಅದ. ಚಹಾದಾಗ ಮುಗಿಯಂಗಿಲ್ಲ. ಊಟ ಮಾಡ್ಕೊಂಡ್ ಹೋಗ್ರಿ."